ತಂತಿ ಪಂಚಾಯ್ತಿಗೆ ಬಂತು, ತಾಂಡಾಕ್ಕೆ ಯಾವಾಗ?

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಮುಟ್ಟುವ ಮೊದಲು ಮಹಾಗಾಂವ ಕ್ರಾಸ್ ಸಿಗುತ್ತದೆ. ಹೆದ್ದಾರಿ ಮೇಲೆ ಇರುವತನಕ ಫೋನಿಗೆ ಚಿಂತೆ ಇಲ್ಲ. ವಿಡಿಯೋ ನೋಡಬಹುದು, ಚಹಾದ ರೊಕ್ಕ ಫೋನಿನಲ್ಲೇ ಕೊಡಬಹುದು. ಹೆದ್ದಾರಿ ಬಿಟ್ಟು ಗುಡ್ಡದ ಕಡೆ, ತಾಂಡಾಗಳ ಕಡೆ ಹೋದ ಹಾಗೆ "ಟವರ್ ಇಲ್ರೀ" ಎಂಬ ಮಾತು ಶುರುವಾಗುತ್ತದೆ. ಮನೆಯೊಳಗೆ ಸಿಗದ ನೆಟ್ ಮಾಳಿಗೆ ಮೇಲೆ ಸಿಕ್ಕೀತು. ಅಲ್ಲೂ ಸಿಗದಿದ್ದರೆ ದಿಬ್ಬ ಹತ್ತಬೇಕು.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ. ಗುಡ್ಡ ಅಡ್ಡ ಇದೆ, ಮನೆ ಕಡಿಮೆ ಇವೆ, ಕಂಪನಿಗೆ ಲಾಭ ಇಲ್ಲ. ಇದು ಸುಳ್ಳಲ್ಲ. ಆದರೆ ನೂರೈವತ್ತು ವರ್ಷದ ಇತಿಹಾಸ ತೆಗೆದು ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ನಮ್ಮ ದೇಶದಲ್ಲಿ ತಂತಿ ಮನೆ ಹುಡುಕಿಕೊಂಡು ಹೋದದ್ದು ಕಡಿಮೆ, ದಫ್ತರದಲ್ಲಿ ಬರೆದ ಊರಿನ ಹೆಸರು ಹುಡುಕಿಕೊಂಡು ಹೋದದ್ದೇ ಹೆಚ್ಚು. ತಾಂಡಾದ ಹೆಸರು ಬಹಳ ಕಾಲ ದಫ್ತರದಲ್ಲಿ ಇರಲೇ ಇಲ್ಲ. ಅದು ಹೇಗಾಯಿತು, ಈಗ ಏನು ಬದಲಾಗಿದೆ, ಇನ್ನೇನು ಬಾಕಿ ಇದೆ ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ಹೇಳುತ್ತೇವೆ.

ಎತ್ತಿನ ಬೆನ್ನ ಮೇಲೆ ನಡೆದ ಜಾಲ

ಇವತ್ತು ಸಂಪರ್ಕ ಇಲ್ಲದವರು ಎಂದು ನಾವು ಕರೆಯುವ ಲಂಬಾಣಿ ಮಂದಿ ಒಂದು ಕಾಲಕ್ಕೆ ಈ ದೇಶದ ಸಂಪರ್ಕವೇ ಆಗಿದ್ದರು. ರೈಲು, ಲಾರಿ ಇಲ್ಲದ ದಿನಗಳಲ್ಲಿ ಉಪ್ಪು, ಕಾಳುಕಡಿಗಳನ್ನು ಸಾವಿರಾರು ಎತ್ತುಗಳ ಮೇಲೆ ಹೇರಿ ದೂರದ ಊರುಗಳಿಗೆ ಮುಟ್ಟಿಸುತ್ತಿದ್ದವರು ಬಂಜಾರರು. 'ಲವಣ' ಎಂಬ ಮಾತಿನಿಂದಲೇ ಲಂಬಾಣಿ ಎಂಬ ಹೆಸರು ಬಂತು ಎನ್ನುವವರಿದ್ದಾರೆ. 17ನೇ ಶತಮಾನದಲ್ಲಿ ಮೊಗಲರ ದಂಡು ದಖನ್ನಿಗೆ ಇಳಿದಾಗ ಅದಕ್ಕೆ ಕಾಳು ಒದಗಿಸುತ್ತಾ ಬಂದ ಬಂಜಾರ ಗುಂಪುಗಳಲ್ಲಿ ಬಹಳಷ್ಟು ಈ ಕಡೆಯೇ ಉಳಿದವು.

'ತಾಂಡಾ' ಎಂದರೆ ಮೊದಲು ಊರಲ್ಲ, ಹೀಗೆ ಸಾಗುವ ಗುಂಪು. ನಾಯಕ ಮುಂದೆ, ಎತ್ತು ನಡುವೆ, ಸಂಸಾರ ಜೊತೆಗೆ. ಗುಂಪು ನಿಂತ ಕಡೆ ಊರಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಆ ಸಾಗಾಟ ನಿಂತದ್ದು ರೈಲು ಬಂದ ಮೇಲೆ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. ಅಲ್ಲಿ ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿತು. ಹಳಿಯ ಪಕ್ಕದಲ್ಲಿ ಟೆಲಿಗ್ರಾಫ್ ಕಂಬಗಳು ನಿಂತವು. ನಮ್ಮ ಭಾಗಕ್ಕೆ ತಂತಿ ಬಂದದ್ದು ಹೀಗೆ. ಎತ್ತಿನ ಮೇಲೆ ವಾರಗಟ್ಟಲೆ ಸಾಗುತ್ತಿದ್ದ ಕಾಳು ರೈಲಿನಲ್ಲಿ ಒಂದೆರಡು ದಿನಕ್ಕೇ ಮುಟ್ಟತೊಡಗಿತು. ತಾಂಡಾದ ಕಸುಬು ಹೋಯಿತು.

ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರ ಭಾರತಕ್ಕೆ, ಮುಂದೆ ಬೇರೆ ಪ್ರಾಂತ್ಯಗಳಿಗೆ ಅದು ಹಬ್ಬಿತು. ಅಲೆದಾಡುವ ಸಮುದಾಯಗಳ ಹೆಸರನ್ನು ಪಟ್ಟಿ ಮಾಡಿ, ಹುಟ್ಟಿನಿಂದಲೇ ಅಪರಾಧಿಗಳು ಎಂದು ಬರೆದ ಕಾಯ್ದೆ ಅದು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬಂಜಾರ ಗುಂಪುಗಳೂ ಆ ಪಟ್ಟಿ ಸೇರಿದವು. ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು, ಬ್ರಿಟಿಷರ ನೇರ ಆಡಳಿತ ಇರಲಿಲ್ಲ. ಆದರೂ ತಿರುಗಾಡುವವರು ಎಂದರೆ ಅನುಮಾನದಿಂದ ನೋಡುವ ಚಾಳಿಗೆ ಗಡಿ ಇರಲಿಲ್ಲ. ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಸರ್ಕಾರದ ಕಾಗದಕ್ಕೆ ಬಂಜಾರರ ಹೆಸರು ಸಿಕ್ಕಿದ್ದು ಕಾವಲು ಕಾಯುವುದಕ್ಕೆ. ಊರು ಎಂದು ಬರೆಯುವುದಕ್ಕೆ ಸಿಗಲಿಲ್ಲ.

ಊರು ಇದೆ, ಹೆಸರು ಇಲ್ಲ

ಕಸುಬು ಕಳೆದುಕೊಂಡು ನೆಲೆ ನಿಂತ ತಾಂಡಾಗಳಿಗೆ ಊರ ನಡುವೆ ಜಾಗ ಸಿಗಲಿಲ್ಲ. ಗುಡ್ಡದ ಇಳಿಜಾರು, ಗೈರಾಣ ಜಮೀನು, ಅಡವಿಯ ಅಂಚು, ಯಾರದೋ ಪಟ್ಟಾ ಹೊಲದ ಮೂಲೆ, ಹೀಗೆ ಸಿಕ್ಕಲ್ಲಿ ಗುಡಿಸಲು ಹಾಕಿದರು. ಕಮಲಾಪುರ, ಚಿಂಚೋಳಿ, ಚಿತ್ತಾಪುರ, ಆಳಂದ ಕಡೆ ತಿರುಗಿದರೆ ತಾಂಡಾಗಳು ಊರಿನಿಂದ ಏಕೆ ದೂರ ಇವೆ ಎಂಬುದು ಕಣ್ಣಿಗೇ ಕಾಣುತ್ತದೆ. ಚಿಂಚೋಳಿ ವನ್ಯಜೀವಿ ಧಾಮದ ಒಳಗೂ ತಾಂಡಾಗಳಿವೆ. ಅಲ್ಲಿ ಒಂದು ಕಂಬ ನೆಡಬೇಕಾದರೂ ಅರಣ್ಯ ಇಲಾಖೆಯನ್ನು ಕೇಳಬೇಕು.

ಕಂದಾಯ ಇಲಾಖೆಯ ಲೆಕ್ಕದಲ್ಲಿ ಊರು ಎಂದರೆ ಕಂದಾಯ ಗ್ರಾಮ. ಅದಕ್ಕೆ ಒಂದು ಹೆಸರು, ಗಡಿ, ನಕ್ಷೆ, ಸರ್ವೆ ನಂಬರುಗಳ ಪಟ್ಟಿ ಇರುತ್ತದೆ. ತಾಂಡಾ ಕುಳಿತ ಜಾಗ ಆ ನಕ್ಷೆಯಲ್ಲಿ ಒಂದು ಸರ್ವೆ ನಂಬರ್ ಅಷ್ಟೇ. ಐವತ್ತು ಮನೆ ಇರಲಿ, ಇನ್ನೂರು ಮನೆ ಇರಲಿ, ಪಹಣಿಯಲ್ಲಿ ಅದು ಹೊಲ, ಇಲ್ಲವೇ 'ಸರ್ಕಾರ'. ಜನಗಣತಿಯವರು ಬಂದಾಗ ತಾಂಡಾದ ಮಂದಿಯನ್ನು ಎಣಿಸಿದರು, ಆದರೆ ಬರೆದುಕೊಂಡದ್ದು ಮೂಲ ಗ್ರಾಮದ ಹೆಸರಿನಲ್ಲಿ.

ಇದು ಬರೀ ಕಾಗದದ ವಿಷಯ ಎನ್ನಿಸಬಹುದು. ಫೋನು ಬಂದಾಗ ಇದರ ಪೆಟ್ಟು ಗೊತ್ತಾಯಿತು.

ಹಳ್ಳಿಗೊಂದು ಫೋನು, ಯಾವ ಹಳ್ಳಿಗೆ?

1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದೆ ನಿಂತವರು. ಹಳ್ಳಿಗೆ ಬೇಕಾದ ಟೆಲಿಫೋನ್ ಎಕ್ಸ್‌ಚೇಂಜ್ ಪರದೇಶದಲ್ಲಿ ಸಿಗುತ್ತಿರಲಿಲ್ಲ. ಅಲ್ಲಿನ ಯಂತ್ರಗಳಿಗೆ ಎಸಿ ಕೋಣೆ ಬೇಕು, ಸರಿಯಾದ ಕರೆಂಟು ಬೇಕು. ಧೂಳು, ಬಿಸಿಲು ತಾಳುವ, ಎಸಿ ಬೇಡದ ಚಿಕ್ಕ ಎಕ್ಸ್‌ಚೇಂಜನ್ನು ನಮ್ಮ ಎಂಜಿನಿಯರುಗಳೇ ಮಾಡಿದರು. ಅಂಥ 128 ಲೈನಿನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ಹೋಬಳಿ ಊರುಗಳಿಗೆ, ದೊಡ್ಡ ಹಳ್ಳಿಗಳಿಗೆ ಫೋನು ಬಂತು. ಕ್ರಾಸುಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಎದ್ದವು. ಮುಂಬೈಗೋ ಪುಣೆಗೋ ದುಡಿಯಲು ಹೋದವರ ದನಿ ಕೇಳಬೇಕಾದರೆ ಮಂದಿ ಬೂತಿನ ಮುಂದೆ ಕಾದು ಕೂರುತ್ತಿದ್ದರು.

1994ರ ರಾಷ್ಟ್ರೀಯ ಟೆಲಿಕಾಂ ನೀತಿ 1997ರೊಳಗೆ ಎಲ್ಲ ಹಳ್ಳಿಗೂ ಫೋನು ಎಂದಿತು. ಆಗಲಿಲ್ಲ. 1999ರ ಹೊಸ ನೀತಿ 2002ರೊಳಗೆ ಎಂದಿತು. ಹಳ್ಳಿಗೊಂದು ಸಾರ್ವಜನಿಕ ಫೋನು ಎಂಬ ಯೋಜನೆಯಲ್ಲಿ ರೇಡಿಯೋ ಮೂಲಕ ನಡೆಯುವ ಫೋನುಗಳನ್ನು ಇಟ್ಟರು. ಅವುಗಳಲ್ಲಿ ಬಹಳಷ್ಟು ಕೆಟ್ಟು ಕೂತವು, ಮುಂದೆ ಬದಲಾಯಿಸಬೇಕಾಯಿತು.

2002ರ ಏಪ್ರಿಲ್ 1ರಿಂದ ಇದಕ್ಕೆಂದೇ ಒಂದು ನಿಧಿ ಬಂತು, ಹೆಸರು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ. ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಶೇಕಡ 5ರಷ್ಟು ಇದಕ್ಕೆ ಹೋಗುತ್ತದೆ. ಲಾಭ ಇಲ್ಲದ ಕಡೆ ಫೋನು, ನೆಟ್ ಒದಗಿಸುವುದೇ ಇದರ ಕೆಲಸ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಡಿಜಿಟಲ್ ಭಾರತ ನಿಧಿ ಎಂದು ಹೆಸರಾಯಿತು. ಇಲ್ಲಿ ಒಂದು ಮಾತು ನೆನಪಿಡಬೇಕು. ಕಂಪನಿಯ ಆದಾಯ ಎಂದರೆ ನಾವು ನೀವು ಹಾಕಿಸುವ ರಿಚಾರ್ಜ್. ದಿಬ್ಬ ಹತ್ತಿ ಫೋನು ಹಚ್ಚುವ ತಾಂಡಾದ ಹೆಣ್ಣುಮಗಳ ರಿಚಾರ್ಜಿನಲ್ಲೂ ಈ ನಿಧಿಗೆ ಪಾಲು ಹೋಗಿದೆ.

ಆದರೆ ಹಳ್ಳಿಗೊಂದು ಫೋನು ಎಂದಾಗ ಹಳ್ಳಿ ಎಂದು ಲೆಕ್ಕ ಹಿಡಿದದ್ದು ಜನಗಣತಿ ಪಟ್ಟಿಯಲ್ಲಿದ್ದ ಹಳ್ಳಿಯನ್ನು. ಮೂಲ ಗ್ರಾಮಕ್ಕೆ ಫೋನು ಬಂದರೆ ಆ ಸಾಲಿನ ಮುಂದೆ ಸರಿ ಗುರುತು ಬಿತ್ತು. ಎರಡು ಮೂರು ಕಿಲೋಮೀಟರ್ ಆಚೆ ಇರುವ ತಾಂಡಾಕ್ಕೆ ಬೇರೆ ಸಾಲೇ ಇರಲಿಲ್ಲ. ಸಾಲು ಇಲ್ಲದ ಮೇಲೆ ಬಾಕಿ ಎಂದು ತೋರಿಸುವುದಾದರೂ ಹೇಗೆ?

ಕಂಪ್ಯೂಟರ್ ಪಹಣಿಯಲ್ಲಿ ಹಳೆಯ ಸಾಲು

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರು ಮಾಡಿತು. ಹಳ್ಳಿಯವರಿಗೆ ಕಂಪ್ಯೂಟರ್ ಎದುರಾದದ್ದು ಅದರಿಂದಲ್ಲ, ಪಹಣಿಯಿಂದ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಶಾನುಭೋಗರ ಕೈಬರಹ ಹೋಗಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಹಾಳೆ ಕೈಗೆ ಬಂತು. ಮುಂದೆ ಹೋಬಳಿಗೆ ನೆಮ್ಮದಿ ಕೇಂದ್ರ, ಪಂಚಾಯ್ತಿಗೆ ಬಾಪೂಜಿ ಸೇವಾ ಕೇಂದ್ರ, 2022ರಲ್ಲಿ ಗ್ರಾಮ ಒನ್. ಒಂದೊಂದು ಹೆಜ್ಜೆಗೂ ಕಿಟಕಿ ನಮಗೆ ಹತ್ತಿರವಾಯಿತು.

ಇದರಿಂದ ರೈತರಿಗೆ ಆದ ಅನುಕೂಲ ಸಣ್ಣದಲ್ಲ. ಆದರೆ ಕಂಪ್ಯೂಟರ್ ಹಳೆಯ ದಫ್ತರದಲ್ಲಿ ಇದ್ದದ್ದನ್ನೇ ಅಚ್ಚು ಹಾಕಿತು. ಮೂರು ತಲೆಮಾರಿನಿಂದ ತಾಂಡಾ ಇರುವ ಸರ್ವೆ ನಂಬರಿನ ಪಹಣಿ ತೆಗೆಸಿದರೆ ಅಲ್ಲಿ ಮನೆ ಇಲ್ಲ, ಮಂದಿ ಇಲ್ಲ. ಪಹಣಿಯಲ್ಲಿ ಮನೆ ಇಲ್ಲದ ಮೇಲೆ ಆ ಮನೆಗೆ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದವರಿಗೆ ಬ್ಯಾಂಕ್ ಸಾಲ ಕಷ್ಟ, ಮನೆ ಮಂಜೂರಾತಿ ಕಷ್ಟ.

ಪಂಚಾಯ್ತಿ ಗೋಡೆಗೆ ಬಂದು ನಿಂತ ಕೇಬಲ್

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಗಾಜಿನ ಎಳೆಯ ಕೇಬಲ್ ಎಳೆದು 100 ಎಂಬಿಪಿಎಸ್ ವೇಗದ ನೆಟ್ ಮುಟ್ಟಿಸುವ ಯೋಜನೆ ಅದು. ರಾಜಸ್ಥಾನದ ಆರಾಯ್ಂ, ಆಂಧ್ರದ ಪರವಾಡ, ತ್ರಿಪುರಾದ ಪಾಣಿಸಾಗರದಲ್ಲಿ ಮೊದಲ ಪ್ರಯೋಗ ನಡೆಯಿತು. 2015ರಲ್ಲಿ ಹೆಸರು ಭಾರತ್‌ನೆಟ್ ಎಂದು ಬದಲಾಯಿತು. ರಸ್ತೆ ಪಕ್ಕ ತೆಗ್ಗು ತೋಡಿ, ಕೊಳವೆ ಹಾಕಿ, ಕೇಬಲ್ ತೂರಿಸಿ ಹೋದ ಕೆಲಸವನ್ನು ನಮ್ಮ ಭಾಗದವರೂ ನೋಡಿದ್ದಾರೆ.

ಇದು ನಡೆಯುವ ರೀತಿ ಸರಳ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಹೊರಟ ಎಳೆ ದಾರಿಯಲ್ಲಿ ಕವಲೊಡೆದು ಒಂದೊಂದು ಪಂಚಾಯ್ತಿಗೆ ಹೋಗುತ್ತದೆ. ಪಂಚಾಯ್ತಿ ಕಚೇರಿಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಅದಕ್ಕೆ ಕರೆಂಟು, ಬ್ಯಾಟರಿ. ಎಳೆಯಲ್ಲಿ ಹರಿಯುವುದು ಬೆಳಕು. ರಸ್ತೆ ಅಗಲ ಮಾಡುವ ಜೆಸಿಬಿ, ಕುಡಿಯುವ ನೀರಿನ ಪೈಪ್ ಹಾಕುವ ಗುದ್ದಲಿ, ಯಾವುದು ತಾಗಿದರೂ ಬೆಳಕು ನಿಂತಿತು. ಒಂದೇ ಎಳೆ ಸಾಲಾಗಿ ಹೋದ ಕಡೆ ನಡುವೆ ಕಡಿದರೆ ಆಚೆಯ ಊರುಗಳೆಲ್ಲ ಕತ್ತಲೆ.

ಮುಖ್ಯವಾದ ಮಾತು ಇನ್ನೊಂದು. ಫೋನಿನ ಕಾಲಕ್ಕೆ ಲೆಕ್ಕ ಹಿಡಿದದ್ದು ಕಂದಾಯ ಗ್ರಾಮ. ಈಗ ಲೆಕ್ಕ ಹಿಡಿದದ್ದು ಗ್ರಾಮ ಪಂಚಾಯ್ತಿ. ಒಂದು ಪಂಚಾಯ್ತಿಯಲ್ಲಿ ಮೂರು ಹಳ್ಳಿ, ನಾಲ್ಕು ತಾಂಡಾ ಇರಬಹುದು. ಪಂಚಾಯ್ತಿ ಕಚೇರಿ ಗೋಡೆಗೆ ಪೆಟ್ಟಿಗೆ ಬಡಿದರೆ 'ಸಂಪರ್ಕ ಆಯಿತು' ಎಂದು ವರದಿ ಹೋಗುತ್ತದೆ. ವರದಿ ಸುಳ್ಳಲ್ಲ, ಆದರೆ ಅದು ಆ ಗೋಡೆಗಷ್ಟೇ ನಿಜ.

ನೆಟ್ ಇಲ್ಲದ್ದಕ್ಕೆ ತೆತ್ತ ಬೆಲೆ

ನೆಟ್ ಎಂದರೆ ರೀಲ್ಸ್ ನೋಡುವ ಚಟ ಎಂದು ಹಿರಿಯರು ಬೈಯುವುದುಂಟು. ಅದರ ಬೆಲೆ ಏನು ಎಂಬುದನ್ನು 2020 ತೋರಿಸಿತು. ದೇಶದ ಮೊದಲ ಕೊರೊನಾ ಸಾವು ಆ ವರ್ಷದ ಮಾರ್ಚ್ 10ರಂದು ಆದದ್ದು ನಮ್ಮ ಕಲಬುರಗಿಯಲ್ಲೇ. ಶಾಲೆಗಳು ಮುಚ್ಚಿದವು. ಪಾಠ ಫೋನಿಗೆ ಬಂತು. ಫೋನು ಇಲ್ಲದವರಿಗೆಂದು ಚಂದನ ವಾಹಿನಿಯಲ್ಲಿ ಪಾಠ ಹಾಕಿದರು. ಆಗಸ್ಟಿನಲ್ಲಿ ವಿದ್ಯಾಗಮ ಬಂದು ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳಿಗೆ ಹೋಗಿ ಕಲಿಸಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು.

2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಒಂದು ಊರಿನಿಂದ ಒಂದು ಫೋಟೋ ಬಂತು. ರಸ್ತೆ ಬದಿ ಮಳೆಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದ. ದೇಶವೆಲ್ಲ ಅದನ್ನು ನೋಡಿತು. ಮಲೆನಾಡಿನ ಮಳೆಗೂ ನಮ್ಮ ಕಡೆಯ ಬಿಸಿಲಿಗೂ ವ್ಯತ್ಯಾಸ ಇದೆ, ಕಷ್ಟ ಮಾತ್ರ ಒಂದೇ.

ಕೊರೊನಾ ಹೋಯಿತು, ನೆಟ್‌ನ ಅಗತ್ಯ ಹೋಗಲಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ಆ್ಯಪ್‌ನಲ್ಲಿ ಹಾಕುವುದು ಕಡ್ಡಾಯವಾಯಿತು. ದಿನಕ್ಕೆ ಎರಡು ಬಾರಿ ಕೆಲಸದ ಜಾಗದಲ್ಲಿ ಫೋಟೋ. ಸಿಗ್ನಲ್ ಇಲ್ಲದಲ್ಲಿ ಫೋಟೋ ತೆಗೆದು ಆಮೇಲೆ ಸಿಗ್ನಲ್ ಇರುವಲ್ಲಿ ಕಳಿಸಲು ಅವಕಾಶ ಇಟ್ಟರು. ಆದರೆ ಫೋಟೋ ಮುಟ್ಟದಿದ್ದರೆ ಬೆವರು ಸುರಿಸಿದ್ದಕ್ಕೆ ಬೇರೆ ಸಾಕ್ಷಿ ಇಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು, ಯಂತ್ರಕ್ಕೆ ನೆಟ್ ಬೇಕು. ವಿದ್ಯಾರ್ಥಿವೇತನದ ಅರ್ಜಿ, ಬೆಳೆ ವಿಮೆ, ಪಿಂಚಣಿಯ ತಪಾಸಣೆ, ಎಲ್ಲವೂ ಅದೇ ದಾರಿ. ಸರ್ಕಾರ ತನ್ನ ಬಾಗಿಲನ್ನು ಫೋನಿನೊಳಗೆ ಇಟ್ಟ ಮೇಲೆ ಟವರ್ ಇಲ್ಲದವರಿಗೆ ಬಾಗಿಲೇ ಇಲ್ಲ.

ತಾಂಡಾಗಳಿಗೆ ಇನ್ನೊಂದು ಕಾರಣಕ್ಕೂ ನೆಟ್ ಬೇಕು. ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಮಂದಿ ಅಲ್ಲಿ ಹೆಚ್ಚು. ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು. ಲಂಬಾಣಿ ಮಾತಿಗೆ ಸ್ವಂತ ಲಿಪಿ ಇಲ್ಲ. ಕನ್ನಡ ಓದಲು ಬಾರದ ಅಜ್ಜಿಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ದನಿಯೇ ಕಾಗದ. ತನ್ನ ಮಾತಿನಲ್ಲೇ ಕೇಳಬಹುದು, ತನ್ನ ಮಾತಿನಲ್ಲೇ ಉತ್ತರ ಕಳಿಸಬಹುದು. ಅಕ್ಷರ ಬಾರದವರಿಗೆ ನೆಟ್ ಬೇಡ ಎನ್ನುವವರು ಇದನ್ನು ನೋಡಿಲ್ಲ.

ಇತ್ತ ಪರಿಶಿಷ್ಟ ಜಾತಿ, ಅತ್ತ ಪರಿಶಿಷ್ಟ ಪಂಗಡ

ದೂರದ ಬುಡಕಟ್ಟು ಊರುಗಳಿಗೆ ನೆಟ್ ಕೊಡಲು ಬೇರೆ ಯೋಜನೆಗಳಿವೆಯಲ್ಲ ಎಂದು ಕೇಳಬಹುದು. ಇವೆ. 2023ರ ನವೆಂಬರ್ 15ರಂದು ಶುರುವಾದ ಪಿಎಂ-ಜನಮನ್ ಯೋಜನೆಯಲ್ಲಿ ಬಹಳ ಹಿಂದುಳಿದ ಬುಡಕಟ್ಟುಗಳ ವಸತಿಗಳಿಗೆ ಮನೆ, ರಸ್ತೆ, ನೀರಿನ ಜೊತೆ ಮೊಬೈಲ್ ಟವರ್ ಕೂಡ ಸೇರಿದೆ. ಕರ್ನಾಟಕದಲ್ಲಿ ಆ ಗುಂಪಿಗೆ ಬರುವವರು ಜೇನುಕುರುಬರು ಮತ್ತು ಕೊರಗರು. ಕೊಡಗು, ಮೈಸೂರು ಕಡೆಯ ಹಾಡಿಗಳಿಗೆ ಇದು ಬೇಕಾದದ್ದೇ.

ಲಂಬಾಣಿ ತಾಂಡಾ ಆ ಕಡತದಲ್ಲಿ ಬರುವುದಿಲ್ಲ. 1976ರ ತಿದ್ದುಪಡಿ ಕಾಯ್ದೆಯ ನಂತರ ಗಡಿಯಾಚೆ ತೆಲಂಗಾಣ ಭಾಗದ ಲಂಬಾಡರು ಪರಿಶಿಷ್ಟ ಪಂಗಡ. ಗಡಿಯ ಈಚೆ ನಮ್ಮವರು ಪರಿಶಿಷ್ಟ ಜಾತಿ. ಮಾತು ಒಂದೇ, ಹಬ್ಬ ಒಂದೇ, ನೆಂಟಸ್ತಿಕೆಯೂ ಉಂಟು, ಕಡತ ಮಾತ್ರ ಬೇರೆ. ಯಾವ ಪಟ್ಟಿ ಸರಿ ಎಂಬ ಜಗಳಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಬುಡಕಟ್ಟು ಪಟ್ಟಿ ಹಿಡಿದು ಬರುವ ಟವರ್ ನಮ್ಮ ತಾಂಡಾಗಳಿಗೆ ಬರುವುದಿಲ್ಲ, ಆದ್ದರಿಂದ ಬೇರೆ ದಾರಿ ನೋಡಬೇಕು ಎಂಬುದಷ್ಟೇ ನಮ್ಮ ಮಾತು.

ಹೆಸರು ಬಂದ ದಿನ

ಆ ದಾರಿ ತೆರೆದದ್ದು ಟೆಲಿಕಾಂ ಇಲಾಖೆಯಿಂದಲ್ಲ, ಕಂದಾಯ ಇಲಾಖೆಯಿಂದ. ದಾಖಲೆ ಇಲ್ಲದ ವಸತಿಗಳನ್ನು ಊರು ಎಂದು ಒಪ್ಪಬೇಕು ಎಂಬ ಬೇಡಿಕೆ ಹಳೆಯದು. 2016ರ ತಿದ್ದುಪಡಿಯಿಂದ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 38-ಎ ಎಂಬ ಕಲಂ ಸೇರಿತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಹಾಡಿ, ದೊಡ್ಡಿಯಂಥ ವಸತಿಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಮನೆಯ ಜಾಗದ ಹಕ್ಕು ಕೊಡುವ ಕಲಂ ಇದು.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ದಾಖಲೆ ಇಲ್ಲದ ಸುಮಾರು 1,475 ವಸತಿಗಳು ಹೊಸ ಕಂದಾಯ ಗ್ರಾಮಗಳಾಗಿದ್ದವು. 50 ಸಾವಿರಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರ ಎಂದು ಸರ್ಕಾರ ಹೇಳಿತು. ಹಕ್ಕುಪತ್ರದ ಶ್ರೇಯಸ್ಸು ಯಾರದ್ದು ಎಂದು ಪಕ್ಷಗಳು ಕಿತ್ತಾಡಿದವು. ಕಿತ್ತಾಟದ ನಡುವೆ ಒಂದು ಸಂಗತಿ ಹಿಂದೆ ಸರಿಯಿತು. ಹಕ್ಕುಪತ್ರ ಒಂದು ಮನೆಗೆ ಸಿಗುವಂಥದ್ದು. ಕಂದಾಯ ಗ್ರಾಮ ಎಂಬ ಹೆಸರು ಇಡೀ ತಾಂಡಾಕ್ಕೆ ಸಿಗುವಂಥದ್ದು. ದಫ್ತರದಲ್ಲಿ ಈಗ ತಾಂಡಾಕ್ಕೆ ತನ್ನದೇ ಸಾಲು ಬಂತು.

ಅದೇ ಹೊತ್ತಿಗೆ ನೆಟ್ ಯೋಜನೆಗಳ ಲೆಕ್ಕವೂ ಬದಲಾಯಿತು. 2022ರ ಜುಲೈನಲ್ಲಿ ಕೇಂದ್ರ ಸಂಪುಟ 26,316 ಕೋಟಿ ರೂಪಾಯಿಯಲ್ಲಿ ಮೊಬೈಲ್ ಸಂಪರ್ಕ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಒಪ್ಪಿತು. ಕೆಲಸ ಬಿಎಸ್‌ಎನ್‌ಎಲ್‌ಗೆ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಎರಡು ವಿಷಯ ನಮಗೆ ಮುಖ್ಯ. ಒಂದು, ಕೇಬಲನ್ನು ಸಾಲಿನ ಬದಲು ಬಳೆಯ ಹಾಗೆ ಸುತ್ತಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಎರಡು, ಪಂಚಾಯ್ತಿ ಕೇಂದ್ರ ಅಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೂ ಬೇಡಿಕೆ ಬಂದರೆ ಕೇಬಲ್ ಕೊಡಬಹುದು.

'ಬೇಡಿಕೆ ಬಂದರೆ' ಎಂಬ ಎರಡು ಪದ ಇಲ್ಲಿ ಎಲ್ಲಕ್ಕಿಂತ ದೊಡ್ಡವು. ಕೇಳದ ಊರಿಗೆ ಬರುವುದಿಲ್ಲ ಎಂದೇ ಅದರ ಅರ್ಥ.

ಕಾಯದೆ ತಾವೇ ಕಟ್ಟಿಕೊಂಡವರು

ನಮ್ಮಂಥದೇ ಊರುಗಳು ಪರದೇಶದಲ್ಲೂ ಇವೆ. ಮೆಕ್ಸಿಕೋ ದೇಶದ ವಾಹಾಕ ರಾಜ್ಯದಲ್ಲಿ ತಲೇಯಾ ದೆ ಕಾಸ್ತ್ರೋ ಎಂಬ ಗುಡ್ಡದೂರು ಇದೆ. ಝಪೊಟೆಕ್ ಎಂಬ ಮೂಲನಿವಾಸಿಗಳ ಊರು. ಜನ ಕಡಿಮೆ ಎಂದು ದೊಡ್ಡ ಕಂಪನಿಗಳು ಅಲ್ಲಿಗೆ ಬರಲಿಲ್ಲ. 2013ರಲ್ಲಿ ಊರಿನವರು ರೈಜೊಮ್ಯಾಟಿಕಾ ಎಂಬ ಸಂಸ್ಥೆಯ ಸಹಾಯ ಪಡೆದು ತಮ್ಮದೇ ಮೊಬೈಲ್ ಜಾಲ ಶುರು ಮಾಡಿದರು. ಸುತ್ತಲಿನ ಊರುಗಳೂ ಸೇರಿದವು. 2016ರಲ್ಲಿ ಆ ದೇಶದ ಟೆಲಿಕಾಂ ಪ್ರಾಧಿಕಾರ ಅವರ ಸಂಘಕ್ಕೆ ಲೈಸೆನ್ಸ್ ಕೊಟ್ಟಿತು. ಕೆನಡಾದ ಒಂಟಾರಿಯೋ ಪ್ರಾಂತ್ಯದ ಉತ್ತರ ತುದಿಯಲ್ಲಿ ಮೂಲನಿವಾಸಿಗಳ ಪರಿಷತ್ತು 1994ರಲ್ಲೇ ಕೆ-ನೆಟ್ ಎಂಬ ತನ್ನ ಜಾಲ ಶುರು ಮಾಡಿತ್ತು.

ನಮ್ಮಲ್ಲಿ ಒಂದು ಊರು ತಾನೇ ಮೊಬೈಲ್ ಟವರ್ ಹಾಕಿಕೊಳ್ಳುವ ದಾರಿ ಸುಲಭವಿಲ್ಲ. ಆದರೆ ವೈಫೈ ಬಳಸುವ ತರಂಗಗಳಿಗೆ 2005ರಿಂದ ಲೈಸೆನ್ಸ್ ಬೇಕಿಲ್ಲ. ಎತ್ತರದ ಕಟ್ಟಡದ ಮೇಲಿನಿಂದ ಇನ್ನೊಂದು ಎತ್ತರಕ್ಕೆ, ನಡುವೆ ಗುಡ್ಡ ಮರ ಅಡ್ಡ ಬರದಿದ್ದರೆ, ಕೆಲವು ಕಿಲೋಮೀಟರ್ ದೂರ ನೆಟ್ ಹಾಯಿಸಬಹುದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಎಂಬ ಸಂಸ್ಥೆ ಹಳ್ಳಿಯವರ ಜೊತೆ ಸೇರಿ ಇಂಥ ಸಮುದಾಯ ವೈಫೈ ಜಾಲ ಕಟ್ಟಿದೆ. ಓದಲು ಬಾರದವರೂ ಬಳಸುವ ಹಾಗೆ ದನಿಗೆ ಒತ್ತು ಕೊಟ್ಟ ಕೆಲಸ ಅದು. 2020ರ ಡಿಸೆಂಬರ್ 9ರಂದು ಒಪ್ಪಿಗೆ ಸಿಕ್ಕ ಪಿಎಂ-ವಾಣಿ ಯೋಜನೆಯಲ್ಲಿ ಒಂದು ಕಿರಾಣಿ ಅಂಗಡಿಯವರು ಲೈಸೆನ್ಸ್, ಶುಲ್ಕ ಇಲ್ಲದೆ ವೈಫೈ ಕೊಟ್ಟು ದುಡ್ಡು ತೆಗೆದುಕೊಳ್ಳಬಹುದು. ಆದರೆ ಅಂಗಡಿಯತನಕ ಒಂದು ಗಟ್ಟಿ ತಂತಿ ಬೇಕು. ಮತ್ತೆ ಮಾತು ಪಂಚಾಯ್ತಿ ಗೋಡೆಯ ಪೆಟ್ಟಿಗೆಗೇ ಬರುತ್ತದೆ.

ಈಗ ಕೇಳಬೇಕಾದದ್ದು

ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಪ್ರವೇಶವನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿದೆ. ಹಕ್ಕು ದೆಹಲಿಯಲ್ಲಿ ಬರೆಯಬಹುದು, ತಾಂಡಾಕ್ಕೆ ತರುವುದು ವಾರ್ಡ್ ಸಭೆಯಲ್ಲಿ.

ನಿಮ್ಮ ತಾಂಡಾ ಕಂದಾಯ ಗ್ರಾಮವಾಗಿದ್ದರೆ ಅಧಿಸೂಚನೆಯ ಒಂದು ಪ್ರತಿ ತಹಶೀಲ್ದಾರ್ ಕಚೇರಿಯಿಂದ ತೆಗೆದಿಟ್ಟುಕೊಳ್ಳಿ. ಮಹಾಗಾಂವ ಕಡೆಯವರಿಗೆ ಈಗ ಕಲಬುರಗಿತನಕ ಹೋಗುವ ಕೆಲಸ ಇಲ್ಲ, 2018ರಿಂದ ಕಮಲಾಪುರವೇ ತಾಲ್ಲೂಕು. ಇನ್ನೂ ಆಗಿಲ್ಲದಿದ್ದರೆ ಮೊದಲ ಅರ್ಜಿ ಅದಕ್ಕೇ ಹಾಕಬೇಕು, ಟವರಿಗಲ್ಲ.

ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ತಾಂಡಾದ ಹೆಸರು ಹಾಕಿ ನೆಟ್ ಬೇಡಿಕೆಯ ಠರಾವು ಬರೆಸಿ. "ನಮ್ಮ ಪಂಚಾಯ್ತಿಗೆ" ಎಂದು ಬರೆದರೆ ಆಗಲೇ ಸಂಪರ್ಕ ಇದೆ ಎಂಬ ಉತ್ತರ ಬರುತ್ತದೆ. ಮನೆ ಎಷ್ಟು, ಶಾಲೆ ಅಂಗನವಾಡಿ ಇವೆಯೋ, ಪಂಚಾಯ್ತಿಯಿಂದ ಎಷ್ಟು ಕಿಲೋಮೀಟರ್, ಯಾವ ಜಾಗದಲ್ಲಿ ಯಾವ ಕಂಪನಿಯ ಟವರ್ ಸಿಗುತ್ತದೆ ಎಂಬುದನ್ನೂ ಸೇರಿಸಿ. ಠರಾವಿನ ನಕಲು ಪಿಡಿಓ ಅವರ ಸಹಿಯೊಂದಿಗೆ ಕೈಯಲ್ಲಿರಲಿ.

ಜನಗಣತಿಯ ಮೇಲೂ ಕಣ್ಣಿರಲಿ. 2027ರ ಜನಗಣತಿಗಾಗಿ ಊರುಗಳ ಗಡಿಯನ್ನು 2025ರ ಡಿಸೆಂಬರ್ 31ಕ್ಕೆ ಇದ್ದ ಹಾಗೆ ಹಿಡಿಯಲಾಗಿದೆ. ಮನೆಪಟ್ಟಿಯ ಪ್ರಶ್ನೆಗಳಲ್ಲಿ ಮನೆಗೆ ಇಂಟರ್‌ನೆಟ್ ಇದೆಯೇ ಎಂಬುದೂ ಒಂದು. ಎಣಿಸುವವರು ಬಂದಾಗ ಊರಿನ ಹೆಸರಿನ ಜಾಗದಲ್ಲಿ ಏನು ಬರೆದಿದ್ದಾರೆ ಎಂದು ಕೇಳಿ ನೋಡಿ. ಮುಂದಿನ ಹತ್ತು ವರ್ಷ ರಸ್ತೆ, ನೀರು, ನೆಟ್ ಎಲ್ಲವೂ ಆ ಪಟ್ಟಿ ಹಿಡಿದೇ ಬರುತ್ತವೆ.

ದಿಬ್ಬದ ಮೇಲೆ ಸಿಗುವ ಟವರ್ ಸಾಕು ಎಂದು ಮಂದಿ ಸುಮ್ಮನಾಗುವುದುಂಟು. 1997ರ ಗಡುವು ಹೋಯಿತು, 2002ರ ಗಡುವು ಹೋಯಿತು, ಆಗ ತಾಂಡಾದ ಹೆಸರಿನಲ್ಲಿ ಬಾಕಿ ಕೇಳಲು ದಫ್ತರದಲ್ಲಿ ಸಾಲೇ ಇರಲಿಲ್ಲ. ಈಗ 1,475 ಸಾಲುಗಳಿವೆ. ಅವುಗಳ ಮುಂದೆ ನೆಟ್ ಬಂತೋ ಇಲ್ಲವೋ ಎಂದು ಹೆಸರು ಹಿಡಿದು ಕೇಳಬಹುದು. ಕೇಳೋಣ.